ಬುಧವಾರ ಸಂಜೆಯ ಏಳೆಂಟು ಜನ

ಜನರಿಗೆ ಬಿಡುವಿಲ್ಲದ್ದರಿಂದ ಚರ್ಚುಗಳ ಪ್ರಾರ್ಥನಾ ಕೂಟಗಳು ಬರಿದಾಗುತ್ತಿವೆ ಎಂದು ಲೇಖನವೊಂದರಲ್ಲಿ ಓದಿದೆ. ನಾನು ಒಪ್ಪುವುದಿಲ್ಲ. ಬಳ್ಳಾರಿಯ ನಮ್ಮ ಕ್ರೈಸ್ತ ಸಭೆಯಲ್ಲಿ ವಾರ್ಷಿಕೋತ್ಸವಕ್ಕೆ ಶಾಮಿಯಾನ ಸಾಲುವುದಿಲ್ಲ. ಬುಧವಾರದ ಪ್ರಾರ್ಥನೆಗೆ ಬರುವವರು ಏಳೆಂಟು ಜನ, ಹೆಚ್ಚಿನವರು ವಯಸ್ಸಾದ ತಾಯಂದಿರು. ಆ ಒಂದು ಗಂಟೆಯಲ್ಲೂ ನಲವತ್ತೈದು ನಿಮಿಷ ಮುಖಂಡರ ಮಾತಿಗೇ ಹೋಗುತ್ತದೆ. ಕಳೆದ ತಿಂಗಳು ಒಬ್ಬ ತಾಯಿ ಆಸ್ಪತ್ರೆಯಲ್ಲಿದ್ದ ಮಗನಿಗಾಗಿ ಪ್ರಾರ್ಥಿಸಲು ಎದ್ದು ನಿಂತರು. ಸಮಯವಾಯಿತೆಂದು ಮುಖಂಡರು ಅವರನ್ನು ಕೂರಿಸಿ, ಮುಂದಿನ ಕಾರ್ಯಕ್ರಮದ ಪ್ರಕಟಣೆ ಓದಿದರು. ಆ ನೋವು ನನ್ನನ್ನು ಇನ್ನೂ ಬಿಟ್ಟಿಲ್ಲ.

ಕಾರ್ಯಕ್ರಮಗಳು ಬೇಡವೆಂದಲ್ಲ, ಮಕ್ಕಳ ರಜಾ ಬೈಬಲ್ ಶಾಲೆಯಲ್ಲೇ ನಾನು ಬೆಳೆದದ್ದು. ಆದರೆ ಬೈಬಲಿನ ‘ಅಪೊಸ್ತಲರ ಕೃತ್ಯಗಳು’ ಪುಸ್ತಕದ 6ನೆಯ ಅಧ್ಯಾಯವನ್ನು ಗಮನಿಸಿ: ವಿಧವೆಯರಿಗೆ ಆಹಾರ ಹಂಚುವ ಕೆಲಸವೂ ಮುಖ್ಯವೆಂದೇ ಅದಕ್ಕೆ ಏಳು ಮಂದಿಯನ್ನು ನೇಮಿಸಿದರು. ಯೇಸುವಿನ ಆಪ್ತ ಶಿಷ್ಯರಾದ ಅಪೊಸ್ತಲರು ತಮಗಾಗಿ ಉಳಿಸಿಕೊಂಡದ್ದು ಪ್ರಾರ್ಥನೆಯನ್ನೂ ವಾಕ್ಯದ ಸೇವೆಯನ್ನೂ. ನಮ್ಮಲ್ಲಿ ಶಾಮಿಯಾನ, ಮೈಕು, ಸನ್ಮಾನದ ಹಾರ ಎಲ್ಲವೂ ಸಭಾಪಾಲಕರ (ಪಾದ್ರಿಗಳ) ತಲೆಯ ಮೇಲಿವೆ.

1810ರಲ್ಲಿ ಲಂಡನ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಜಾನ್ ಹ್ಯಾಂಡ್ಸ್ ಇದೇ ಬಳ್ಳಾರಿಗೆ ಬಂದರು. ಕನ್ನಡ ಕಲಿತು, ಬೈಬಲಿನ ಭಾಷಾಂತರಕ್ಕೆ ವರ್ಷಗಟ್ಟಲೆ ದುಡಿದರು. ಅಂಥ ತಾಳ್ಮೆ ಕಂಡ ಊರು ಇದು.

ನಮ್ಮ ಹಿರಿಯರಲ್ಲಿ ನನ್ನ ವಿನಂತಿ ಇಷ್ಟೇ: ಮುಂದಿನ ಬುಧವಾರ ಭಾಷಣ ಬಿಡಿ. ಬೈಬಲಿನ ಒಂದು ಕೀರ್ತನೆ ಓದಿ, ಮೊಣಕಾಲೂರಿ. ಮೊದಲು ಆ ತಾಯಿ ಪ್ರಾರ್ಥಿಸಲಿ.