ಮಾಸ್ತರ ಕಾರಿಗೆ ಹಳದಿ ಬಾವುಟ

ನಮ್ಮ ಓಣಿಯಲ್ಲಿ ಯಾರ ಕಾರು ಹಿಂದಕ್ಕೆ ಬರಬೇಕಾದರೂ ಮೊದಲು ಒತ್ತುವುದು ಹಾರ್ನ್ ಅಲ್ಲ, ನಮ್ಮ ಮನೆಯ ಕಾಲಿಂಗ್ ಬೆಲ್. "ಅವನನ್ನ ಕರೀರಿ, ಅವನಿಗೆ ಟ್ರೇನಿಂಗ್ ಆಗೈತೆ." ಬಾಯಲ್ಲಿ ಬ್ರಷ್ ಇರಲಿ, ಕೈಯಲ್ಲಿ ಒಗ್ಗರಣೆ ಮಿರ್ಚಿ ಪ್ಲೇಟ್ ಇರಲಿ, ಎಲ್ಲ ಬಿಟ್ಟು ಹೋಗಿ ಕಾರಿನ ಹಿಂದೆ ನಿಲ್ಲಬೇಕು. ಬರಲ್ಲ ಅನ್ನುವ ಹಾಗಿಲ್ಲ. ದೆಹಲಿಗೆ ಹೋಗಿ ಪರದೇಶದವರ ಗಾಡಿ ನೋಡಿಕೊಂಡವನಿಗೆ ಪಕ್ಕದ ಮನೆಯವರ ಗಾಡಿ ಭಾರವಾಯಿತಾ ಅಂತ ಕೇಳಿಬಿಡುತ್ತಾರೆ.

ಕೌಲ್ ಬಜಾರ್ ಕಡೆಯ ಹಳೇ ಓಣಿಗಳನ್ನು ನೋಡಿದವರಿಗೆ ಜಾಸ್ತಿ ವಿವರಿಸಬೇಕಾಗಿಲ್ಲ. ಒಂದು ಕಡೆ ಚರಂಡಿ, ಅದರ ಮೇಲಿನ ಚಪ್ಪಡಿ ಒಂದಿದ್ದರೆ ಇನ್ನೊಂದಿಲ್ಲ. ಇನ್ನೊಂದು ಕಡೆ ಮನೆಗಳ ಕಟ್ಟೆ, ಕಟ್ಟೆಗೆ ಒತ್ತಿ ಸಾಲಾಗಿ ನೀಲಿ ಡ್ರಮ್ಮುಗಳು. ಬಳ್ಳಾರಿಯಲ್ಲಿ ನಲ್ಲಿ ನೀರು ದಿನಾ ಬರಲ್ಲವಲ್ಲ, ಹಾಗಾಗಿ ಡ್ರಮ್ಮುಗಳ ಹೆಸರನ್ನು ರೇಷನ್ ಕಾರ್ಡಿಗೆ ಸೇರಿಸುವುದೊಂದು ಬಾಕಿ. ಇವೆರಡರ ನಡುವೆ ಉಳಿದ ಜಾಗದಲ್ಲಿ ಕಾರು, ಹಾಲಿನವನು, ನಾಯಿ, ಕ್ರಿಕೆಟ್ ಎಲ್ಲವೂ ನಡೆಯಬೇಕು.

ಟ್ರೇನಿಂಗ್ ಆಗಿದ್ದು ನಿಜ. ಆದರೆ ಆಗಿದ್ದು ಬೇರೆ ಕೆಲಸಕ್ಕೆ.

2023ರ ಸೆಪ್ಟೆಂಬರ್‌ನಲ್ಲಿ ದೆಹಲಿ ಪಕ್ಕದ ಗ್ರೇಟರ್ ನೋಯ್ಡಾದಲ್ಲಿ ಮೋಟೋ ಜಿಪಿ ಬೈಕ್ ರೇಸ್ ನಡೆಯಿತಲ್ಲ, ಅಲ್ಲಿಗೆ ನಾನು ಮಾರ್ಷಲ್ ಆಗಿ ಹೋಗಿದ್ದೆ. ಬುದ್ಧ ಇಂಟರ್‌ನ್ಯಾಷನಲ್ ಸರ್ಕ್ಯೂಟ್. 2011ರಿಂದ 2013ರವರೆಗೆ ಫಾರ್ಮುಲಾ ಒನ್ ಕಾರುಗಳು ಓಡಿದ ಟ್ರ್ಯಾಕೇ ಅದು. ಮಾರ್ಷಲ್ ಅಂದರೆ ಟ್ರ್ಯಾಕ್ ಪಕ್ಕದಲ್ಲಿ ಬಾವುಟ ಹಿಡಿದು ನಿಲ್ಲುವವನು, ಯಾರಾದರೂ ಬಿದ್ದರೆ ಓಡಿ ಹೋಗಿ ಬೈಕ್ ಎತ್ತಿ ಆಚೆ ಸಾಗಿಸುವವನು. ಯಾವ ದೇಶದ ರೇಸ್ ನೋಡಿ, ಈ ಕೆಲಸಕ್ಕೆ ನಿಲ್ಲುವವರಲ್ಲಿ ಬಹಳ ಜನ ಸಂಬಳವಿಲ್ಲದ ಸ್ವಯಂಸೇವಕರೇ. ನಾನು ಅರ್ಧರಾತ್ರಿ ಗುಂತಕಲ್ ಸ್ಟೇಷನ್ನಿನಲ್ಲಿ ಸೊಳ್ಳೆ ಹೊಡೆಯುತ್ತಾ ಕೂತು, ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ, ಇಡೀ ಭಾರತವನ್ನು ಕಿಟಕಿಯಲ್ಲಿ ದಾಟಿ ಹೋದದ್ದು ಇದಕ್ಕೆ.

ವಾಪಸ್ ಬಂದ ಮೇಲೆ ಊರಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ. "ಎಷ್ಟು ಕೊಟ್ರು?" ರೇಸ್ ಹೇಗಿತ್ತು ಅಂತ ಯಾರೂ ಕೇಳಲಿಲ್ಲ. ಏನೂ ಕೊಡಲಿಲ್ಲ, ಇದು ಸೇವೆ ಅಂದೆ. ಕಟಿಂಗ್ ಶಾಪಿನವನು ಕತ್ತರಿ ನಿಲ್ಲಿಸಿ ಕನ್ನಡಿಯಲ್ಲಿ ನನ್ನ ಮುಖ ನೋಡಿದ. ನಮ್ಮೂರಿನಲ್ಲಿ ಬಾವುಟ ಹಿಡಿಯುವುದಕ್ಕೆ ರೇಟ್ ಇದೆ. ಎಲೆಕ್ಷನ್ ಟೈಮಿನಲ್ಲಿ ಅರ್ಧ ದಿನ ಬಾವುಟ ಹಿಡಿದು ನಡೆದರೂ ಊಟ ಹಾಕಿಸಿ ಕೈಗೆ ದುಡ್ಡು ಕೊಡುತ್ತಾರೆ. ಅಂಥದ್ದರಲ್ಲಿ ಸ್ವಂತ ಖರ್ಚಿನಲ್ಲಿ ದೆಹಲಿಗೆ ಹೋಗಿ, ಬೆಳಿಗ್ಗೆಯಿಂದ ಸಂಜೆವರೆಗೆ ಬಾವುಟ ಹಿಡಿದು, ಬರಿಗೈಲಿ ಬಂದವನನ್ನು ಏನಂತ ತಿಳಿಯಬೇಕು, ಪಾಪ.

ಹೋಗಲಿ, ರೇಸನ್ನಾದರೂ ನೋಡಿದೆನಾ ಅಂದರೆ ಅದೂ ಇಲ್ಲ. ಮಾರ್ಷಲ್‌ಗೆ ಕಾಣುವುದು ಅವನ ತಿರುವು ಮಾತ್ರ. ಫೋನ್ ಮುಟ್ಟುವ ಹಾಗಿಲ್ಲ, ಚಪ್ಪಾಳೆ ತಟ್ಟುವ ಹಾಗಿಲ್ಲ, ಬೈಕ್‌ಗಳು ಬರುವ ದಿಕ್ಕಿಗೆ ಬೆನ್ನು ಹಾಕುವ ಹಾಗಂತೂ ಇಲ್ಲವೇ ಇಲ್ಲ. ಎದುರಿಗೆ ಬಂದದ್ದು ಕಿವಿ ಕಿತ್ತುಹೋಗುವ ಸದ್ದು ಮಾಡುತ್ತಾ ಹೋಯಿತು ಅನ್ನುವಷ್ಟರಲ್ಲಿ ಮುಂದಿನದು ಬಂದಿರುತ್ತದೆ. ಯಾರು ಮುಂದೆ, ಯಾರು ಹಿಂದೆ, ದೇವರಿಗೇ ಗೊತ್ತು. ಶನಿವಾರದ ಸ್ಪ್ರಿಂಟ್ ಅನ್ನುವ ಚಿಕ್ಕ ರೇಸ್ ಮಳೆಯಿಂದಾಗಿ ತಡವಾಗಿ ಶುರುವಾಯಿತು, ಶುರುವಾದ ಕೂಡಲೇ ಮೊದಲ ತಿರುವಿನಲ್ಲೇ ಗುದ್ದಾಟ. ನಾನಿದ್ದದ್ದು ಬೇರೆ ಕಡೆ. ಭಾನುವಾರ ಎರಡನೇ ಸ್ಥಾನದಲ್ಲಿದ್ದ ವಿಶ್ವ ಚಾಂಪಿಯನ್ ಬನ್ಯಾಯಾ ಬಿದ್ದ. ಅದೂ ಬೇರೆ ಕಡೆಯೇ. ರೇಸ್ ಮುಗಿದ ಮೇಲೆ ಮನೆಗೆ ಫೋನ್ ಮಾಡಿ ನಾನೇ ಕೇಳಿದೆ, "ಯಾರು ಗೆದ್ರು?" ನಮ್ಮ ಮನೆಯವಳು ಬಳ್ಳಾರಿಯಲ್ಲಿ ಹುಣಸೆಹಣ್ಣು ಬಿಡಿಸುತ್ತಾ ಮೊಬೈಲ್‌ನಲ್ಲಿ ಪೂರ್ತಿ ನೋಡಿದ್ದಳು. "ಬೆಜ್ಜೆಕ್ಕಿ ಅಂತ, ಇಟಲಿ ಹುಡುಗ. ನೀವೆಲ್ಲಿದ್ರಿ?"

ಬಿಸಿಲಿನ ವಿಷಯವೊಂದು ಹೇಳಲೇಬೇಕು. ಹೋಗುವಾಗ ನನಗೆ ಭಾರೀ ಧೈರ್ಯ. ನಾವು ಬಳ್ಳಾರಿಯವರು, ಮೇ ತಿಂಗಳಲ್ಲಿ ಮಧ್ಯಾಹ್ನ ಮೋತಿ ಸರ್ಕಲ್‌ನಲ್ಲಿ ಸಿಗ್ನಲ್‌ಗೆ ಕಾದವರು, ನಮಗೆ ಯಾವ ಊರಿನ ಬಿಸಿಲು ಏನು ಮಾಡೀತು ಅಂತ. ಮೊದಲ ದಿನವೇ ಮಾರ್ಷಲ್‌ಗಳು ನಿಲ್ಲುವ ನಮ್ಮ ಪೋಸ್ಟ್‌ನಲ್ಲಿದ್ದವರಿಗೆಲ್ಲ ಇದನ್ನೇ ಹೇಳಿಕೊಂಡು ತಿರುಗಿದೆ. ಆದರೆ ನಮ್ಮದು ಒಣ ಬಿಸಿಲು, ಅಲ್ಲಿಯದು ಮಳೆ ಬಿದ್ದ ಮೇಲಿನ ಸೆಕೆ. ಮೈತುಂಬ ಓವರಾಲ್, ಕೈಗೆ ಗ್ಲೌಸ್, ಬೆವರು ಇಳಿಯುವುದಕ್ಕೂ ದಾರಿ ಇಲ್ಲ. ಸೆಕೆಗೆ ಹೆದರಿ ದೊಡ್ಡ ರೇಸನ್ನೇ 24 ಸುತ್ತಿನಿಂದ 21ಕ್ಕೆ ಇಳಿಸಿದರು. ಶನಿವಾರ ಸ್ಪ್ರಿಂಟ್ ಗೆದ್ದ ಹೋರ್ಹೆ ಮಾರ್ಟಿನ್ ಭಾನುವಾರ ಎರಡನೆಯವನಾಗಿ ಮುಗಿಸಿ, ಬೈಕ್ ಇಳಿದವನೇ ಕುಸಿದುಬಿಟ್ಟ. ಅವನಿಗೆ ಡಾಕ್ಟರು ಓಡಿಬಂದರು. ನಮಗೆ ಒಆರ್‌ಎಸ್ ಪೊಟ್ಟಣ ಬಂತು, ನೀರು ಆಮೇಲೆ ಬಂತು.

ಆದರೂ ಒಂದು ಮಾತು. ಅಲ್ಲಿ ಬಾವುಟಕ್ಕೆ ಬೆಲೆ ಇತ್ತು. ಹಳದಿ ಬೀಸಿದರೆ ಮುಂದೆ ಅಪಾಯ, ಯಾರೂ ಯಾರನ್ನೂ ದಾಟುವಂತಿಲ್ಲ. ಎರಡು ಹಳದಿ ಬೀಸಿದರೆ ದಾರಿಯೇ ಮುಚ್ಚಿರಬಹುದು ಅಂತ. ಹಳದಿ ಮೇಲೆ ಕೆಂಪು ಪಟ್ಟೆ ಇದ್ದರೆ ರಸ್ತೆ ಜಾರುತ್ತದೆ. ನೀಲಿ ತೋರಿಸಿದರೆ ಹಿಂದಿನಿಂದ ವೇಗವಾಗಿ ಬರುತ್ತಿದ್ದಾನೆ, ಬಿಡಪ್ಪಾ ಅಂತ. ಗಂಟೆಗೆ ಮುನ್ನೂರು ಕಿಲೋಮೀಟರ್ ಮುಟ್ಟುವ ಮನುಷ್ಯ, ಹೆಲ್ಮೆಟ್‌ನೊಳಗಿನಿಂದ, ಕಣ್ಣು ಮಿಟುಕಿಸುವಷ್ಟರಲ್ಲಿ ನನ್ನ ಕೈಯ ಬಟ್ಟೆ ನೋಡಿ ಕೈ ಸಡಿಲಿಸುತ್ತಾನೆ. ನೋಡದಿದ್ದರೆ ಅವನಿಗೆ ದಂಡನೆ. ಒಬ್ಬ ಹುಡುಗ ನಮ್ಮ ತಿರುವಿನಲ್ಲೇ ಜಾರಿ ಜಲ್ಲಿಯಲ್ಲಿ ಉರುಳಿದ. ನಾವು ಮೂವರು ಓಡಿದೆವು. ಬೈಕ್ ಎತ್ತುವಾಗ ಸೈಲೆನ್ಸರ್‌ನ ಕಾವು ಗ್ಲೌಸ್ ದಾಟಿ ಬೆರಳಿಗೆ ತಾಗುತ್ತಿತ್ತು, ಎಲ್ಲೆಲ್ಲೂ ಸುಟ್ಟ ರಬ್ಬರ್ ವಾಸನೆ, ಬೂಟಿನೊಳಗೆ ಜಲ್ಲಿ. ಅವನು ಎದ್ದು, ಮೈ ಕೊಡವಿಕೊಂಡು, ಸಿಟ್ಟಿನಲ್ಲಿ ಹೆಲ್ಮೆಟ್‌ನೊಳಗೇ ಏನೋ ಬೈದುಕೊಳ್ಳುತ್ತಾ ಬೇಲಿ ಕಡೆ ನಡೆದ. ನಾಲ್ಕು ಹೆಜ್ಜೆ ಹೋದವನು ತಿರುಗಿ ಬಂದು ನನ್ನ ಭುಜ ತಟ್ಟಿ ಹೋದ. ಯಾರು ಅಂತ ಇವತ್ತಿಗೂ ಗೊತ್ತಿಲ್ಲ. ಕೊನೆಯ ರೇಸ್ ಮುಗಿದು ಎಲ್ಲರೂ ನಿಧಾನಕ್ಕೆ ಒಂದು ಸುತ್ತು ಬರುವಾಗ ನಾವು ಇದ್ದಬದ್ದ ಬಾವುಟವನ್ನೆಲ್ಲ ಒಟ್ಟಿಗೆ ಬೀಸಿದೆವು. ಅವರೂ ಪೋಸ್ಟ್ ಪೋಸ್ಟಿಗೂ ಕೈ ಎತ್ತುತ್ತಾ ಹೋದರು. ಆಗ ಗಂಟಲು ಸ್ವಲ್ಪ ಕಟ್ಟಿತ್ತು. ಸೆಕೆಗೆ ಇರಬೇಕು. ಆಮೇಲೆ ಆ ರೇಸ್ ಇನ್ನೊಮ್ಮೆ ಈ ಕಡೆ ಬಂದಿಲ್ಲ, ನನ್ನ ಓವರಾಲ್ ಬೀರುವಿನಲ್ಲಿ ಮಳೆಗಾಲದ ಸ್ವೆಟರ್ ಕೆಳಗೆ ಬಿದ್ದಿದೆ.

ಈಗ ಮಾಸ್ತರ ವಿಷಯಕ್ಕೆ ಬರೋಣ.

ಮಾಸ್ತರು ನಮ್ಮ ಪಕ್ಕದ ಮನೆಯವರು, ರಿಟೈರ್ಡ್ ಹೆಡ್‌ಮಾಸ್ತರು. ಇಡೀ ಜೀವನ ಹೇಳಿದ್ದೇ ಹೇಳಿದ್ದು, ಇನ್ನೊಬ್ಬರು ಹೇಳಿದ್ದನ್ನು ಕೇಳಿ ಅಭ್ಯಾಸವಿಲ್ಲ. ಮಗ ಬೆಂಗಳೂರಿನಿಂದ ಬಂದು ಒಂದು ಕಾರು ಕೊಡಿಸಿ ಹೋಗಿದ್ದಾನೆ. ಅದಕ್ಕೆ ಹಿಂದಿನದನ್ನು ತೋರಿಸುವ ಕ್ಯಾಮೆರಾ ಇದೆ. ಸ್ಕ್ರೀನ್ ಮೇಲೆ ಮಾಸ್ತರು ಕನಕ ದುರ್ಗಮ್ಮನ ಸ್ಟಿಕ್ಕರ್ ಅಂಟಿಸಿದ್ದಾರೆ. ಸರಿಯಾಗಿ ಚರಂಡಿ ಕಾಣಿಸುವ ಮೂಲೆಯಲ್ಲಿ. ಇನ್ನುಳಿದ ಮೂಲೆಯಲ್ಲಿ ಏನು ಕಾಣಿಸುತ್ತದೆ ಅಂತ ಅವರು ನೋಡಿಲ್ಲ, ಯಾಕೆಂದರೆ ಕಾರು ಹಿಂದಕ್ಕೆ ಬರುವಾಗ ಮಾಸ್ತರು ನೋಡುವುದು ಮುಂದಕ್ಕೆ. ಕತ್ತು ತಿರುಗಿಸಿ ಸಾರ್ ಅಂದರೆ "ಹಿಂದೆ ನೀನಿದ್ದೀಯಲ್ಲ ತಮ್ಮಾ, ನಾನ್ಯಾಕೆ ನೋಡ್ಲಿ?" ಅನ್ನುತ್ತಾರೆ. ಇದು ನಂಬಿಕೆಯೋ ಸೋಮಾರಿತನವೋ ನನಗೆ ಇನ್ನೂ ತಿಳಿದಿಲ್ಲ.

ಎರಡೂ ಕಡೆಯ ಕನ್ನಡಿ ಮಡಚಿರುತ್ತಾರೆ, ಓಣಿ ಇಕ್ಕಟ್ಟು ಅಂತ. ಕಿಟಕಿ ಏರಿಸಿರುತ್ತಾರೆ, ಎಸಿ ಹೋಗುತ್ತದೆ ಅಂತ. ಒಳಗೆ ಸುಪ್ರಭಾತ. ಹಿಂದೆ ನಾನು ಗಂಟಲು ಹರಿದುಕೊಂಡು "ಸಾರ್ ಸಾಕು, ಸಾರ್ ಸಾಕು" ಅನ್ನುತ್ತಿರುತ್ತೇನೆ. ಅದೇ ಹೊತ್ತಿಗೆ ಕಟ್ಟೆ ಮೇಲಿನ ಹುಡುಗರು "ಬರ್ಲಿ ಬರ್ಲಿ ಬರ್ಲಿ" ಅಂತ ಕೂಗುತ್ತಾರೆ. ಎಸಿ, ಕಿಟಕಿ, ಸುಪ್ರಭಾತ ಮೂರನ್ನೂ ದಾಟಿ ಮಾಸ್ತರ ಕಿವಿಗೆ ತಲುಪುವುದು ಆ "ಬರ್ಲಿ" ಮಾತ್ರ. ಹೇಗೆ ಅಂತ ಗೊತ್ತಿಲ್ಲ.

ರೇಸಿನಲ್ಲಿ ಬಾವುಟ ಯಾಕೆ ಇಟ್ಟಿದ್ದಾರೆ? ಕೂಗಿದರೆ ಕೇಳಿಸುವುದಿಲ್ಲ ಅಂತ. ಹಾಗಾದರೆ ಇಲ್ಲೂ ಅದೇ ದಾರಿ ಅಂದುಕೊಂಡೆ. ಬಾವುಟ ಎಲ್ಲಿಂದ ತರುವುದು? ಮನೆಯಲ್ಲಿ ಯಾರದೋ ಗೃಹಪ್ರವೇಶದಲ್ಲಿ ಕೊಟ್ಟ ಬ್ಲೌಸ್ ಪೀಸ್ ಇತ್ತು, ಒಳ್ಳೆ ಗಟ್ಟಿ ಹಳದಿ. ಅದನ್ನು ಜೇಡ ಹೊಡೆಯುವ ಕೋಲಿಗೆ ಕಟ್ಟಿದೆ. ಹಿಂದೆ ನಿಂತರೆ ಅವರು ನೋಡಲ್ಲ ಅಂತ ಗೊತ್ತಿತ್ತಲ್ಲ, ಅದಕ್ಕೇ ಕಾರಿನ ಮುಂದೆ ಬಂದು ನಿಂತೆ. ಹಿಂದೆ ಯಾರ ಮನೆಯದೋ ಸ್ಕೂಟರ್ ಇತ್ತು, ಇನ್ನೊಂದು ಮೊಳ ಬಂದರೆ ಗುದ್ದುತ್ತದೆ. ಕಲಿಸಿದ ಹಾಗೆ, ತೋಳು ಪೂರ್ತಿ ಚಾಚಿ, ದೊಡ್ಡದಾಗಿ ಎಂಟರ ಆಕಾರದಲ್ಲಿ ಬೀಸಿದೆ.

ಕಾರು ನಿಂತಿತು! ನಿಜವಾಗಿ ನಿಂತಿತು. ನನಗೆ ನೋಯ್ಡಾ ನೆನಪಾಯಿತು. ಕಿಟಕಿ ಇಳಿಯಿತು. ಮಾಸ್ತರು ಕನ್ನಡಕ ಸರಿ ಮಾಡಿಕೊಂಡು ಬ್ಲೌಸ್ ಪೀಸನ್ನು ಒಂದು ಸಲ ನೋಡಿದರು, ನನ್ನನ್ನೊಂದು ಸಲ ನೋಡಿದರು.

"ಏನ್ ತಮ್ಮಾ, ಮನ್ಯಾಗೆ ಏನಾದ್ರೂ ಕಾರ್ಯಕ್ರಮ ಐತಾ?"

"ಇಲ್ಲ ಸಾರ್, ಹಳದಿ ಬಾವುಟ. ಹಿಂದೆ ಅಪಾಯ ಐತೆ ಅಂತ."

"ಹಳದಿ ಶುಭ ಅಲ್ವೇನೋ, ಅಪಾಯ ಹೆಂಗಾಗುತ್ತೆ?"

ಹೆಡ್‌ಮಾಸ್ತರಿಗೆ ಉತ್ತರ ಹೇಳುವುದರೊಳಗೆ ಹುಡುಗರು "ಬರ್ಲಿ" ಅಂದರು. ಸ್ಕೂಟರ್ ಮಲಗಿತು. ಅಷ್ಟರಲ್ಲಿ ಎದುರು ಮನೆಯ ಅಜ್ಜಿ ಬಾಗಿಲಿಗೆ ಬಂದು, ಬ್ಲೌಸ್ ಪೀಸ್ ಕಟ್ಟಿದ ಕೋಲು ಹಿಡಿದ ನನ್ನನ್ನು ನೋಡಿ, ಇದು ಯಾವ ಪಾರ್ಟಿ, ಈ ಸಲ ತಲೆಗೆಷ್ಟು ಕೊಡ್ತಾರಂತೆ ಅಂತ ವಿಚಾರಿಸಿದರು. ಮನೆಗೆ ಬಂದರೆ ಅಲ್ಲಿ ಬೇರೆಯದೇ ವಿಚಾರಣೆ. ಆ ಬ್ಲೌಸ್ ಪೀಸನ್ನು ಮುಂದಿನ ವಾರ ಯಾರಿಗೋ ಉಡಿ ತುಂಬಲು ತೆಗೆದಿಟ್ಟಿದ್ದರಂತೆ.

2011ರಲ್ಲಿ ಇದೇ ಬುದ್ಧ ಸರ್ಕ್ಯೂಟ್‌ನಲ್ಲಿ ಮೊದಲ ಫಾರ್ಮುಲಾ ಒನ್ ಪ್ರಾಕ್ಟೀಸ್ ಇದ್ದಾಗ ಒಂದು ಬೀದಿನಾಯಿ ಟ್ರ್ಯಾಕಿಗೆ ನುಗ್ಗಿತ್ತು. ಕೆಂಪು ಬಾವುಟ ತೋರಿಸಿ ಅಷ್ಟು ಕೋಟಿಯ ಕಾರುಗಳನ್ನೆಲ್ಲ ನಿಲ್ಲಿಸಿದರು. ಒಂದು ನಾಯಿಗೆ! ನಮ್ಮ ಓಣಿಯ ನಾಯಿಗಳೋ, ಮಾಸ್ತರ ಕಾರಿನ ರಿವರ್ಸ್ ಟ್ಯೂನ್ ಕೇಳಿದ ಕೂಡಲೇ ತಾವಾಗಿಯೇ ಎದ್ದು ಕಟ್ಟೆ ಹತ್ತುತ್ತವೆ. ಈ ಓಣಿಯಲ್ಲಿ ಸರಿಯಾದ ಟ್ರೇನಿಂಗ್ ಆಗಿರುವುದು ಅವಕ್ಕೇ.

ಮೊನ್ನೆ ನೀರು ಬಿಟ್ಟ ದಿನ. ನೀರು ಬಿಟ್ಟ ದಿನ ನಮ್ಮ ಓಣಿಗೆ ಎರಡು ಹಳದಿ ಬಾವುಟ ಬೀಸಬೇಕು, ಅಷ್ಟು ಪೈಪುಗಳು ಅಡ್ಡ ಬಿದ್ದಿರುತ್ತವೆ. ಅವತ್ತೇ ಮಾಸ್ತರಿಗೆ ಹೊಸಪೇಟೆಗೆ ಹೋಗಬೇಕಿತ್ತು, ಮದುವೆಗೆ, ಮುಹೂರ್ತ ಮೀರುತ್ತದೆ ಅಂತ ಗಡಿಬಿಡಿ. ನಾನು ಹಿಂದೆ ನಿಂತೆ. ಬೋನೆಟ್‌ ಪಕ್ಕ ಒಬ್ಬ ಹುಡುಗನನ್ನು ನಿಲ್ಲಿಸಿ, ನಾನು ಕೈ ಎತ್ತಿದರೆ ನೀನೂ ಎತ್ತು ಅಂತ ಹೇಳಿದ್ದೆ. ನಾನು ಎತ್ತಿದೆ. ಅವನೂ ಎತ್ತಿದ. ಮಾಸ್ತರು ಅವನಿಗೆ ಕೈ ಎತ್ತಿ ಆಶೀರ್ವಾದ ಮಾಡಿದರು. ಹಳೇ ಸ್ಟೂಡೆಂಟ್ ಮೊಮ್ಮಗ ಅಂತೆ, ನಮಸ್ಕಾರ ಮಾಡುತ್ತಿದ್ದಾನೆ ಅಂದುಕೊಂಡರಂತೆ. ಕಾರು ಬಂತು, ಡಬ್ ಅಂತು, ಆಗ ತಾನೇ ತುಂಬಿದ ಡ್ರಮ್ ಒಂದು ಸೀಳಿ ಇನ್ನೂರು ಲೀಟರ್ ನೀರು ಓಣಿ ತುಂಬ ಹರಿಯಿತು.

ಡ್ರಮ್ಮಿನ ಅಕ್ಕ ಹೊರಗೆ ಬಂದವರು ಮಾಸ್ತರನ್ನು ಏನೂ ಅನ್ನಲಿಲ್ಲ. ದೊಡ್ಡವರು, ಹೋಗುತ್ತಿರುವುದು ಮದುವೆಗೆ. ನೇರ ನನ್ನ ಹತ್ತಿರ ಬಂದರು. "ಹಿಂದೆ ನಿಂತೋನು ನೀನು ತಾನೆ? ಕಣ್ಣು ಎಲ್ಲಿ ಇಟ್ಟಿದ್ದಿ? ಹೊಸ ಡ್ರಮ್ ತಂದ್ಕೊಡು." ಅಲ್ಲಿ ಬಾವುಟ ನೋಡದವನಿಗೆ ದಂಡ, ಇಲ್ಲಿ ಬೀಸಿದವನಿಗೆ. ನಾನು ಮಾಸ್ತರ ಕಿಟಕಿ ತಟ್ಟಿ, ಸಾರ್, ಡ್ರಮ್ಮಿನ ದುಡ್ಡು ಅಂದೆ. ಅವರು ಕಿಟಕಿಯನ್ನು ಎರಡು ಬೆರಳಷ್ಟು ಇಳಿಸಿದರು. ಎಸಿ ಹೋಗುತ್ತದಲ್ಲ.

"ಡೆಲ್ಲಿನಾಗೆ ನಿಂಗೆ ಕೊಟ್ಟಿದ್ದು ಇರಬೇಕಲ್ಲ ತಮ್ಮಾ, ಸದ್ಯಕ್ಕೆ ಅದ್ರಾಗೆ ಕೊಟ್ಟಿರು. ಯಾರಿಗೂ ಹೇಳಲ್ಲ ಬಿಡು, ಎಷ್ಟು ಕೊಟ್ರು?"