ಎಣ್ಣೆ ತಾಳೆ ತೋಟದೊಳಗೆ ದನ ಮೇಯಿಸಬಹುದೇ? ಪರ–ವಿರೋಧ

ಪರ

ಎಣ್ಣೆ ತಾಳೆಯನ್ನು 9 ಮೀಟರ್ ಅಂತರದ ತ್ರಿಕೋನ ಪದ್ಧತಿಯಲ್ಲಿ ನೆಟ್ಟರೆ ಹೆಕ್ಟೇರಿಗೆ ಸುಮಾರು 143 ಮರಗಳು ನಿಲ್ಲುತ್ತವೆ. ಸಾಲುಗಳ ನಡುವಿನ ನೆಲವನ್ನು ಹುಲ್ಲು, ಬಳ್ಳಿ ಮತ್ತು ಅಗಲ ಎಲೆಯ ಕಳೆಗಳು ಆವರಿಸಿಕೊಳ್ಳುತ್ತವೆ. ಇವನ್ನು ಹದ್ದುಬಸ್ತಿನಲ್ಲಿಡಲು ತೋಟಗಳು ವರ್ಷದಲ್ಲಿ ಹಲವು ಬಾರಿ ಕಳೆನಾಶಕ ಸಿಂಪಡಿಸುತ್ತವೆ. ಹೀಗೆ ದುಡ್ಡು ಕೊಟ್ಟು ಸುಡುವ ಸೊಪ್ಪಿನಲ್ಲಿ ಬಹುಪಾಲು ದನಕ್ಕೆ ಒಳ್ಳೆಯ ಮೇವು. ತಾಳೆ ಎಣ್ಣೆಯಲ್ಲಿ ಇಂಡೋನೇಷ್ಯಾದ ನಂತರದ ಸ್ಥಾನದಲ್ಲಿರುವ ಮಲೇಷ್ಯಾ, ತನಗೆ ಬೇಕಾದ ದನದ ಮಾಂಸದ ಹೆಚ್ಚಿನ ಪಾಲನ್ನು ಆಮದು ಮಾಡಿಕೊಳ್ಳುತ್ತದೆ. ಹುಲ್ಲುಗಾವಲಿಗೆಂದು ಕಾಡು ಕಡಿಯದೆ ಆ ಕೊರತೆಯನ್ನು ಸ್ವಲ್ಪವಾದರೂ ತುಂಬಬಲ್ಲ ಜಾಗ ಅಲ್ಲಿನ ತೋಟಗಳೇ.

ದನಗಳನ್ನು ಸುಮ್ಮನೆ ಅಡ್ಡಾಡಲು ಬಿಡುವುದಕ್ಕೂ ವಿದ್ಯುತ್ ಬೇಲಿಯೊಳಗೆ ಸರದಿಯಂತೆ ಮೇಯಿಸುವುದಕ್ಕೂ ಅಜಗಜಾಂತರವಿದೆ. ಎರಡನೆಯ ಕ್ರಮದಲ್ಲಿ ಹಿಂಡು ಒಂದು ತುಂಡನ್ನು ಸಮನಾಗಿ ಮೇಯ್ದು ಮುಂದಿನದಕ್ಕೆ ಹೋಗುತ್ತದೆ, ಹಿಂದಿನದು ಚಿಗುರಲು ಬಿಡುವು ಸಿಗುತ್ತದೆ. ಮೇಯ್ದ ನೆಲದಲ್ಲಿ ಕೊಯ್ಲುಗಾರನ ಕೆಲಸವೂ ಹಗುರ: ಗೊನೆ ಕೆಳಗೆ ಬಿದ್ದಾಗ ಚೆಲ್ಲುವ ಹಣ್ಣುಗಳು, ಅಂದರೆ ಚೆನ್ನಾಗಿ ಮಾಗಿ ಎಣ್ಣೆ ತುಂಬಿಕೊಂಡವು, ಹುಲ್ಲಿನಲ್ಲಿ ಹುದುಗಿ ಕೊಳೆಯದೆ ಕಣ್ಣಿಗೆ ಬಿದ್ದು ಬುಟ್ಟಿ ಸೇರುತ್ತವೆ.

ವಿರೋಧ

ಈ ವಾದದಲ್ಲಿ ಮರದ ವಯಸ್ಸಿನ ಲೆಕ್ಕವೇ ಇಲ್ಲ. ಗಿಡ ಎಳೆಯದಾಗಿರುವಾಗ ಗರಿಗಳು ದನದ ಬಾಯಿಗೆ ಎಟುಕುವುದರಿಂದ ಮೊದಲ ಮೂರು-ನಾಲ್ಕು ವರ್ಷ ದನವನ್ನು ಹತ್ತಿರ ಬಿಡುವಂತಿಲ್ಲ, ಆದರೆ ಮೇವು ಸಮೃದ್ಧವಾಗಿರುವುದು ಅದೇ ಅವಧಿಯಲ್ಲಿ. ಏಳನೆಯ ವರ್ಷದ ಹೊತ್ತಿಗೆ ಗರಿಗಳು ಒಂದಕ್ಕೊಂದು ಕೂಡಿಕೊಂಡು ನೆರಳು ದಟ್ಟವಾಗುತ್ತದೆ, ಹುಲ್ಲು ತೆಳುವಾಗುತ್ತದೆ; ಸುಮಾರು 25 ವರ್ಷ ಬಾಳುವ ತೋಟದಲ್ಲಿ ನಿಜವಾಗಿ ಹೊಟ್ಟೆ ತುಂಬುವ ಕಾಲ ಕೆಲವೇ ವರ್ಷ. ಬಲಿತ ತೋಟದಲ್ಲಿ ಒಂದು ದನಕ್ಕೆ ಹಲವು ಹೆಕ್ಟೇರ್ ಬೇಕಾಗುವುದು ಈ ಕಾರಣದಿಂದಲೇ. ಸಾವಿರಾರು ಹೆಕ್ಟೇರಿನ ಕಂಪನಿಗೆ ಅದು ಸಲ್ಲಬಹುದು, ಎರಡು ಹೆಕ್ಟೇರಿನ ಸಣ್ಣ ರೈತ ಹೊರಗಿನಿಂದ ಮೇವು ತರದೆ ಹಿಂಡು ಸಾಕಲಾರ.

ಕಳೆನಾಶಕ ನಿಂತೇಹೋಗುತ್ತದೆಂಬುದೂ ಅತಿಯಾದ ಆಸೆ. ದನ ತನಗೆ ರುಚಿಸಿದ್ದನ್ನು ಮೇಯ್ದು ಜರೀಗಿಡ, ಕಾಂಡ ಗಟ್ಟಿಯಾದ ಪೊದೆಗಳನ್ನು ಬಿಟ್ಟುಬಿಡುತ್ತದೆ, ಪೈಪೋಟಿ ತಗ್ಗಿದ ಅವು ಇನ್ನಷ್ಟು ಹಬ್ಬುತ್ತವೆ. ಸಗಣಿಯನ್ನು ಗೊಬ್ಬರದ ಉಳಿತಾಯವೆಂದು ತೋರಿಸುವಲ್ಲಿಯೂ ಎಚ್ಚರ ಬೇಕು: ಅದರಲ್ಲಿರುವ ಪೋಷಕಾಂಶ ಅದೇ ನೆಲದ ಸೊಪ್ಪಿನಿಂದ ಬಂದದ್ದು, ದನ ಮಾರಿದಾಗ ಅದರಲ್ಲೊಂದು ಪಾಲು ತೋಟದಿಂದ ಆಚೆ ಹೋಗುತ್ತದೆ. ಮಳೆಗಾಲದಲ್ಲಿ ಹಿಂಡು ಒಂದೇ ಕಡೆ ತುಳಿದರೆ ಮಣ್ಣು ಗಟ್ಟಿಯಾಗಿ ನೀರು ಇಂಗದೆ ಹರಿದುಹೋಗುತ್ತದೆ. ಸರದಿ ಮೇವಿನಿಂದ ಇದನ್ನು ತಪ್ಪಿಸಬಹುದೆಂಬುದು ನಿಜವೇ, ಆದರೆ ಬೇಲಿಯನ್ನು ಸ್ಥಳಾಂತರಿಸಲು, ನೀರು ಒದಗಿಸಲು, ಕಾಲುಬಾಯಿ ರೋಗದ ಮೇಲೆ ಕಣ್ಣಿಡಲು ನುರಿತ ಆಳು ಬೇಕು. ಗೊನೆ ಕೊಯ್ಯಲಿಕ್ಕೂ ಹೊರದೇಶದ ಕಾರ್ಮಿಕರನ್ನೇ ನೆಚ್ಚಿಕೊಂಡಿರುವ ಮಲೇಷ್ಯಾದ ತೋಟಗಳು ಅವರನ್ನು ಎಲ್ಲಿಂದ ತರಬೇಕು?