ಮಕ್ಕಳೇ, ನಿಮ್ಮ ಕಥೆ ಕಳಿಸಿ (ನೀತಿ ಕಡ್ಡಾಯ)

ಬೆಳಿಗ್ಗೆಯಿಂದ ತಲೆ ಕೆಟ್ಟಿದೆ. ಇಲ್ಲಿ ಕಕ್ಕಿಬಿಡುತ್ತೇನೆ, ಸಹಿಸಿಕೊಳ್ಳಿ.

ಮಕ್ಕಳಿಗಾಗಿ ಆಡಿಯೋ ಕಥೆ ಮಾಡುವ ತಂಡವೊಂದು ಕರೆ ಕೊಟ್ಟಿತ್ತು. "ಮಕ್ಕಳೇ, ನಿಮ್ಮ ತಲೆಯಲ್ಲಿರೋ ಕಥೆಯನ್ನ ಫೋನಲ್ಲಿ ರೆಕಾರ್ಡ್ ಮಾಡಿ ಕಳಿಸಿ, ನಾವು ಅದನ್ನ ಆಡಿಯೋ ಕಥೆ ಮಾಡ್ತೀವಿ" ಅಂತ. ಚಂದದ ಯೋಚನೆ ಅಲ್ವಾ? ನನಗೂ ಹಾಗೇ ಅನಿಸಿತ್ತು. ಬಂದ ರೆಕಾರ್ಡಿಂಗ್‌ಗಳನ್ನು ಶುಚಿ ಮಾಡುವ ಕೆಲಸ ನನಗೆ ಬಂತು. ನನ್ನ ಹೊಟ್ಟೆಪಾಡು ನಿಮಗೆ ಗೊತ್ತೇ ಇದೆ. ಹೆಡ್‌ಫೋನ್ ಹಾಕಿಕೊಂಡು ಬೇರೆಯವರ ಕೆಮ್ಮು, ಫ್ಯಾನಿನ ಸದ್ದು ತೆಗೆಯುವುದು.

ಆಮೇಲೆ ಆ ಕರೆಯ ಷರತ್ತುಗಳನ್ನು ಓದಿದೆ. ಕಥೆಯಲ್ಲಿ ನೀತಿ ಇರಬೇಕು. ಯಾರೂ ಸಾಯಬಾರದು. ಭಾಷೆ ಶುದ್ಧವಾಗಿರಬೇಕು. ಇದು ಮಕ್ಕಳನ್ನು ಕರೆಯುವ ಮಾತೋ, ಟೆಂಡರ್ ಪ್ರಕಟಣೆಯೋ?

ಒಂದು ರೆಕಾರ್ಡಿಂಗ್ ಬಗ್ಗೆ ಹೇಳಲೇಬೇಕು. ಪುಟ್ಟ ದನಿ. ಮೂಗು ಕಟ್ಟಿದೆ. ಕಥೆ ಹೀಗಿದೆ: "ಒಂದು ಮೋಡ ಇತ್ತು. ಅದಕ್ಕೆ ನೆಗಡಿ. ಅದು ಸೀನಿದ್ರೆ ಮಳೆ ಬರಲ್ಲ, ಗುಂಡಿ ಬೀಳತ್ತೆ. ಅಂಗಿ ಗುಂಡಿ. ಎಲ್ಲರೂ ಹೆಕ್ಕಿ ಹೆಕ್ಕಿ ಹೊಲ್ಕೊಂಡ್ರು. ಎಷ್ಟ್ ಜಾಸ್ತಿ ಹೊಲ್ಕೊಂಡ್ರು ಅಂದ್ರೆ, ಯಾರಿಗೂ ಅಂಗಿ ಬಿಚ್ಚೋಕೇ ಆಗ್ಲಿಲ್ಲ." ಇಷ್ಟು ಹೇಳಿ ಮಗು ತಾನೇ ಕಿಸಕ್ಕನೆ ನಕ್ಕಿತು. ನಾನೂ ನಕ್ಕೆ.

ಆಮೇಲೆ ಒಂದು ಪಿಸುಮಾತು. ಮಾಮೂಲಿ ಸ್ಪೀಕರ್‌ನಲ್ಲಿ ಕೇಳಿಸುವುದಿಲ್ಲ. ಹೆಡ್‌ಫೋನ್‌ನಲ್ಲಿ ಕೇಳಿಸುತ್ತದೆ, ಪರದೆಯ ಮೇಲೆ ಸದ್ದಿನ ಗೆರೆಯಾಗಿ ಕಾಣಿಸುತ್ತದೆ ಕೂಡ. ಮಗುವಿನ ಮಾತು ದೊಡ್ಡ ಉಬ್ಬು, ಅದಕ್ಕೆ ಸ್ವಲ್ಪ ಮುಂಚೆ ಒಂದು ಸಣ್ಣ ಉಬ್ಬು. ವಾಲ್ಯೂಮ್ ಏರಿಸಿ ಕೇಳಿದೆ. "ಸ್ವಚ್ಛತೆ... ಸ್ವಚ್ಛತೆ ಹೇಳು ಪುಟ್ಟಾ." ತಕ್ಷಣ ಮಗುವಿನ ದನಿಯೇ ಬದಲಾಯಿತು. "ಆದ್ದರಿಂದ ನಾವೆಲ್ಲರೂ ನಮ್ಮ ಪರಿಸರವನ್ನು ಸ್ವಚ್ಛವಾಗಿ ಇಟ್ಟುಕೊಳ್ಳಬೇಕು."

ಗುಂಡಿಗೂ ಪರಿಸರಕ್ಕೂ ಏನು ಸಂಬಂಧ ಮಾರಾಯ್ರೆ?

ಇದೊಂದೇ ಆಗಿದ್ದರೆ ಬಿಡುತ್ತಿದ್ದೆ. ಒಂದಾದ ಮೇಲೆ ಒಂದರಲ್ಲಿ ಅದೇ ಸಣ್ಣ ಉಬ್ಬು, ಅದೇ ಪಿಸುಮಾತು. ಅಮ್ಮ, ಅಪ್ಪ, ಒಂದರಲ್ಲಂತೂ ಟೀಚರ್. ಕೆಲವು ಮಕ್ಕಳು ಬರೆದುಕೊಟ್ಟದ್ದನ್ನು ಓದುತ್ತಿದ್ದಾರೆ, ಹಾಳೆ ತಿರುಗಿಸಿದ ಸದ್ದು ಕೇಳುತ್ತದೆ. ಆದರೆ ಬೈಯಬೇಕಾದದ್ದು ಅವರನ್ನಲ್ಲ. ನೀತಿ ಇಲ್ಲದಿದ್ದರೆ ಆಯ್ಕೆ ಆಗಲ್ಲ ಅಂತ ಬರೆದವರು ಯಾರು?

"ನೀನು ಸುಮ್ನೆ ಕೂಗಾಡ್ತೀಯ. ಮಕ್ಕಳ ಕಥೆಗೆ ತಲೆಬುಡ ಇರಲ್ಲ, ಹಾಗೇ ಹಾಕಿದ್ರೆ ಯಾರು ಕೇಳ್ತಾರೆ?" ಅಂತ ತಂಡದವರೊಬ್ಬರು ಕೇಳಿದರು. ಸರಿ, ತಿದ್ದಬೇಕು. ಹೇಗೆ ತಿದ್ದಬೇಕು ಅನ್ನೋದೇ ಪ್ರಶ್ನೆ. ಅಮೆರಿಕದಲ್ಲಿ ಸ್ಟೋರಿ ಪೈರೇಟ್ಸ್ ಅಂತ ಒಂದು ತಂಡವಿದೆ. ಮಕ್ಕಳು ಬರೆದು ಕಳಿಸಿದ ಕಥೆಗಳನ್ನು ವಯಸ್ಕ ನಟರು ಆಡಿ, ಹಾಡಿ ಪಾಡ್‌ಕಾಸ್ಟ್ ಮಾಡುತ್ತಾರೆ. ಅಲ್ಲಿ ದುಡಿಯುವವರು ದೊಡ್ಡವರು, ಹುಚ್ಚು ಮಾತ್ರ ಮಗುವಿನದು. ನಾವು ಉಲ್ಟಾ. ದುಡಿಮೆಯನ್ನು ಮಗುವಿಗೆ ಹೊರಿಸುತ್ತೇವೆ, ಹುಚ್ಚನ್ನು ಕತ್ತರಿಸುತ್ತೇವೆ.

ಶಿಕಾಗೊ ವಿಶ್ವವಿದ್ಯಾಲಯದ ಲ್ಯಾಬ್ ಶಾಲೆಯಲ್ಲಿ ವಿವಿಯನ್ ಪೇಲಿ ಅಂತ ಒಬ್ಬ ಟೀಚರ್ ಇದ್ದರು. ಪುಟ್ಟ ಮಕ್ಕಳು ಹೇಳಿದ ಕಥೆಯನ್ನು ಆ ಮಕ್ಕಳದೇ ಮಾತಿನಲ್ಲಿ ಬರೆದುಕೊಳ್ಳುತ್ತಿದ್ದರು. ಆಮೇಲೆ ತರಗತಿಯ ಮಕ್ಕಳೇ ಸೇರಿ ಅದನ್ನು ಆಡಿ ತೋರಿಸುತ್ತಿದ್ದರು. ಅಷ್ಟೇ. ಈ ಟೀಚರಿಗೆ 1989ರಲ್ಲಿ ಅಮೆರಿಕದ ದೊಡ್ಡ ಗೌರವವಾದ ಮ್ಯಾಕಾರ್ಥರ್ ಫೆಲೋಶಿಪ್ ಸಿಕ್ಕಿತು. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ ಬಂದದ್ದೂ ಅದೇ ವರ್ಷ. ಮಗು ತನ್ನ ವಿಚಾರವನ್ನು ಮಾತಲ್ಲಾಗಲಿ, ಬರಹದಲ್ಲಾಗಲಿ, ಕಲೆಯಲ್ಲಾಗಲಿ ಹೇಳಬಹುದು ಅಂತ ಅದರ 13ನೇ ವಿಧಿ ಹೇಳುತ್ತದೆ. ಕೊನೆಯಲ್ಲಿ ಸ್ವಚ್ಛತೆಯ ಬಗ್ಗೆ ಎರಡು ಮಾತು ಸೇರಿಸಬೇಕು ಅಂತ ಹೇಳುವುದಿಲ್ಲ.

ನನಗೆ ಹೊಟ್ಟೆ ಉರಿಯುವುದು ಇದಕ್ಕೆ: ಹುಚ್ಚು ಕಥೆಗೆ ಆಡಿಯೋದಷ್ಟು ಒಳ್ಳೆ ಜಾಗ ಇನ್ನೊಂದಿಲ್ಲ. ತೆರೆಯ ಮೇಲೆ ಮೋಡ ಸೀನಬೇಕಾದರೆ ಆನಿಮೇಷನ್ ತಂಡ ಬೇಕು. ನನಗೆ ಒಂದು ಸೀನು, ಸ್ವಲ್ಪ ಪ್ರತಿಧ್ವನಿ, ಸ್ಟೀಲ್ ತಟ್ಟೆ ಮೇಲೆ ಒಂದು ಹಿಡಿ ಗುಂಡಿ ಸಾಕು. ಕಾರ್ನ್‌ಫ್ಲೋರ್ ಚೀಲ ಹಿಸುಕಿದರೆ ಹಿಮದಲ್ಲಿ ಹೆಜ್ಜೆ ಇಟ್ಟ ಸದ್ದು. ತೆಂಗಿನ ಚಿಪ್ಪು ಕುಟ್ಟಿದರೆ ಕುದುರೆ. ಸೆಲೋಫೇನ್ ಹಾಳೆ ಮುದುಡಿದರೆ ಬೆಂಕಿ. ಮಗು ಏನು ಹೇಳಿದರೂ ಮಾಡಿಕೊಡಬಹುದು. ಇಂಥ ಕಡೆ ಕೂತುಕೊಂಡು ನಾವು "ಪರಿಸರವನ್ನು ಸ್ವಚ್ಛವಾಗಿ" ರೆಕಾರ್ಡ್ ಮಾಡುತ್ತಿದ್ದೇವೆ.

ನಿಜ ಹೇಳಲಾ? ಆ ಮಗುವನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಇಷ್ಟು ವರ್ಷ ಕಥೆಗಳ ಜೊತೆಗೇ ಬದುಕಿದ್ದೇನೆ, ಅಂಗಿ ಬಿಚ್ಚೋಕೆ ಆಗದ ಜನರಂಥ ಒಂದು ಸಾಲು ನನ್ನ ತಲೆಗೆ ಹೊಳೆದಿಲ್ಲ.

ಯಾರೂ ಸಾಯಬಾರದು ಅನ್ನೋ ಷರತ್ತಿನ ಬಗ್ಗೆ ಜಾಸ್ತಿ ಹೇಳಲ್ಲ. ಮಕ್ಕಳ ಕಥೆಯಲ್ಲಿ ಎಲ್ಲರೂ ಸಾಯುತ್ತಾರೆ, ಮುಂದಿನ ಸಾಲಲ್ಲಿ ಎದ್ದು ಆಟಕ್ಕೆ ಬರುತ್ತಾರೆ. ಹೆದರುವುದು ನಾವು.

ಇಷ್ಟೆಲ್ಲ ಆದ ಮೇಲೆ ಷರತ್ತುಗಳ ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು ಕಂಡಿತು. "ಬಂದ ಎಲ್ಲ ಐಡಿಯಾಗಳ ಹಕ್ಕು ತಂಡದ್ದು." ಮಗುವಿನ ಹೆಸರು ಕಥೆಯಲ್ಲಿ ಬರುತ್ತದಾ ಅಂತ ಕೇಳಿದೆ. "ಮಕ್ಕಳ ಗುರುತು ಹೊರಗೆ ಹೋಗಬಾರದು, ಸುರಕ್ಷತೆ" ಅಂದರು. ಸುರಕ್ಷತೆ ಬೇಕು, ಒಪ್ಪುತ್ತೇನೆ. ಶಾಲೆ ಬೇಡ, ವಿಳಾಸ ಬೇಡ, ಪೂರ್ತಿ ಹೆಸರೂ ಬೇಡ. ಮನೆಯವರನ್ನು ಕೇಳಿ ಬರೀ ಕರೆಯೋ ಹೆಸರು ಹೇಳಿ, "ಇದು ಇವರ ಕಥೆ" ಅನ್ನುವುದಕ್ಕೆ ನಾಲ್ಕು ಸೆಕೆಂಡೂ ಬೇಡ. ಅಷ್ಟನ್ನು ನಾನೇ ಪುಕ್ಕಟೆ ಸೇರಿಸಿಕೊಡುತ್ತೇನೆ ಅಂದೆ.

"ಅವಧಿ ಮೀರತ್ತೆ" ಅಂದರು. ತಂಡದ ಎಲ್ಲರ ಹೆಸರು ಓದುವುದಕ್ಕೆ ಮಾತ್ರ ಕೊನೆಯಲ್ಲಿ ಪೂರಾ ಒಂದು ನಿಮಿಷ ಇಟ್ಟುಕೊಂಡಿದ್ದಾರೆ. ಅದರಲ್ಲಿ ನನ್ನದೂ ಇದೆಯಂತೆ. ತೆಗೀರಿ ಅಂದಿದ್ದೇನೆ.